ಮುಂಬಯಿಯಲ್ಲಿ ಸಣ್ಣ ಉದ್ಯಮ ನಡೆಸುವ ನಮ್ಮ ಹೆಣ್ಣುಮಕ್ಕಳಿಗೆ ಮಾರ್ಗದರ್ಶಕರಾಗುವ ಬಗೆ

ಡೊಂಬಿವಲಿ, ಠಾಣೆ, ಭಾಂಡುಪ್, ಮೀರಾ ರೋಡ್, ನಾಲಾಸೋಪಾರಾ ಕಡೆಯ ಕನ್ನಡಿಗರ ಮನೆಗಳಲ್ಲಿ ಉದ್ಯಮವೆಂಬ ಹೆಸರಿಲ್ಲದೆಯೇ ಎಷ್ಟೋ ಉದ್ಯಮಗಳು ನಡೆಯುತ್ತಿವೆ. ಒಬ್ಬರು ಚಕ್ಕುಲಿ, ಕೋಡುಬಳೆ ಮಾಡಿ ಕೊಡುತ್ತಾರೆ. ಇನ್ನೊಬ್ಬರು ಸಾಂಬಾರು ಪುಡಿ, ಸಾರಿನ ಪುಡಿ ಬೀಸಿಸಿ ಮಾರುತ್ತಾರೆ. ಕಲಬುರಗಿ, ವಿಜಯಪುರ ಕಡೆಯಿಂದ ಬಂದವರು ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಯನ್ನು ಊರಿನವರ ಮನೆಮನೆಗೆ ತಲುಪಿಸುತ್ತಾರೆ. ಕರಾವಳಿಯವರು ಹಲಸಿನ ಹಪ್ಪಳ, ಕೋರಿ ರೊಟ್ಟಿ, ಮಿಡಿ ಉಪ್ಪಿನಕಾಯಿ ಮಾಡುತ್ತಾರೆ. ಮತ್ತೆ ಕೆಲವರು ರವಿಕೆ ಹೊಲಿಯುತ್ತಾರೆ, ಟಿಫಿನ್ ಡಬ್ಬಿ ಕಟ್ಟುತ್ತಾರೆ. ಇವರಲ್ಲಿ ಯಾರಿಗೂ ಕೈಕೆಲಸ ಕಲಿಸಬೇಕಾಗಿಲ್ಲ. ಅವರಿಗೆ ಕಡಿಮೆಯಾಗಿರುವುದು ತಮ್ಮ ಲೆಕ್ಕ, ತಮ್ಮ ಕಾಗದಪತ್ರ, ತಮ್ಮ ಬ್ಯಾಂಕ್ ಖಾತೆ ಇವುಗಳ ಮೇಲಿನ ಹಿಡಿತ. ನಿವೃತ್ತ ಬ್ಯಾಂಕ್ ಉದ್ಯೋಗಿಗಳು, ಹೋಟೆಲ್ ನಡೆಸಿದ ಅನುಭವವಿರುವವರು, ಲೆಕ್ಕಪರಿಶೋಧಕರು, ಸ್ವಂತ ವ್ಯಾಪಾರ ಕಟ್ಟಿದ ಹಿರಿಯ ಹೆಂಗಸರು ಹೀಗೆ ಆ ಹಿಡಿತವನ್ನು ಒದಗಿಸಬಲ್ಲ ಜನ ನಮ್ಮ ಸಂಘಗಳಲ್ಲಿ ಸಾಕಷ್ಟಿದ್ದಾರೆ. ಈ ಬರಹ ಅವರಿಗಾಗಿ.

ಈ ನಗರಕ್ಕೆ ಇಂಥ ಕೆಲಸ ಹೊಸದಲ್ಲ. 1959ರ ಮಾರ್ಚ್ 15ರಂದು ಗಿರಗಾಂವಿನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು ಹಪ್ಪಳ ಲಟ್ಟಿಸಲು ಕುಳಿತದ್ದು ಲಿಜ್ಜತ್ ಸಂಸ್ಥೆಯ ಆರಂಭ. ಅಲ್ಲಿ ಕಲಿಯಬೇಕಾದದ್ದು ಸಾಹಸದ ಕಥೆಗಿಂತ ಹೆಚ್ಚಾಗಿ ಅವರು ಕಟ್ಟಿದ ಕ್ರಮ: ಹಿಟ್ಟು ಕೇಂದ್ರದಲ್ಲಿ ಸಿದ್ಧವಾಗುತ್ತದೆ, ಹೆಂಗಸರು ಮನೆಗೆ ಒಯ್ದು ಲಟ್ಟಿಸಿ ತಂದು ತೂಗಿಸುತ್ತಾರೆ, ಕೆಲಸದ ಹಣ ತಡವಾಗದೆ ಅವರ ಕೈಸೇರುತ್ತದೆ. 1975ರಲ್ಲಿ ಪ್ರೇಮಾ ಪುರವ್ ಅವರು ಕಟ್ಟಿದ ಅನ್ನಪೂರ್ಣಾ ಮಹಿಳಾ ಮಂಡಲವೂ ಇದೇ ಜಾತಿಯದು. ಗಿರಣಿ ಕಾರ್ಮಿಕರಿಗೆ ಅಡುಗೆ ಮಾಡಿ ಹಾಕುತ್ತಿದ್ದ ಖಾನಾವಳಿಯ ಹೆಂಗಸರು ಕಿರಾಣಿ ಅಂಗಡಿ ಮತ್ತು ಲೇವಾದೇವಿಯವರ ಸಾಲದಲ್ಲಿ ಮುಳುಗಿದ್ದರು. ಅವರಿಗೆ ಬ್ಯಾಂಕಿನ ಬಾಗಿಲು ತೆರೆಸಿದ್ದೇ ಆ ಸಂಸ್ಥೆಯ ದೊಡ್ಡ ಕೆಲಸ. ಎರಡೂ ಕಡೆ ಅಡುಗೆ ಮೊದಲೇ ಬರುತ್ತಿತ್ತು, ಹಣದ ವ್ಯವಸ್ಥೆ ಮಾತ್ರ ಹೊಸದಾಗಿ ಬಂತು.

ಮೊದಲ ಭೇಟಿಗಳು

ಒಬ್ಬ ಮಾರ್ಗದರ್ಶಕರು ಏಕಕಾಲಕ್ಕೆ ಇಬ್ಬರು ಅಥವಾ ಮೂವರಿಗಿಂತ ಹೆಚ್ಚು ಮಂದಿಯ ಹೊಣೆ ಹೊರಬಾರದು. ಸಭಾಂಗಣದಲ್ಲಿ ಐವತ್ತು ಜನರನ್ನು ಕೂರಿಸಿ ಉಪನ್ಯಾಸ ಕೊಡುವುದರಿಂದ ಉತ್ಸಾಹ ಹುಟ್ಟಬಹುದು, ಆದರೆ ಲೆಕ್ಕದ ಪುಸ್ತಕ ತೆರೆಯುವುದಿಲ್ಲ. ಹದಿನೈದು ದಿನಕ್ಕೊಮ್ಮೆ, ಒಂದು ಗಂಟೆ, ಕನಿಷ್ಠ ಒಂದು ವರ್ಷ ಎಂದು ಮೊದಲೇ ಮಾತಾಡಿಕೊಳ್ಳಿ. ಗಣಪತಿ ಹಬ್ಬ, ದೀಪಾವಳಿಯ ಫರಾಳ ಎಂಬ ಹಬ್ಬದ ತಿಂಡಿಗಳು, ಮಳೆಗಾಲಕ್ಕೆ ಮೊದಲಿನ ಹಪ್ಪಳ ಸಂಡಿಗೆಯ ಕಾಲ ಇವೆಲ್ಲ ಒಂದು ಸುತ್ತು ಬಂದರೆ ಮಾತ್ರ ಅವರ ವ್ಯಾಪಾರದ ಏರಿಳಿತ ನಿಮಗೂ ಅವರಿಗೂ ಕಾಣುತ್ತದೆ.

ಭೇಟಿಯ ವೇಳೆ ಅವರಿಗೆ ಅನುಕೂಲವಾಗಿರಬೇಕು. ನೀರು ಬರುವ ಹೊತ್ತು, ಮಕ್ಕಳು ಶಾಲೆಯಿಂದ ಬರುವ ಹೊತ್ತು, ಮನೆಯವರು ಡ್ಯೂಟಿಗೆ ಹೊರಡುವ ಹೊತ್ತು ಬಿಟ್ಟರೆ ಸಾಮಾನ್ಯವಾಗಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಿಡುವು ಸಿಗುತ್ತದೆ. ಸಾಧ್ಯವಾದರೆ ಅವರ ಮನೆಗೇ ಹೋಗಿ. ಸಾಮಾನು ಎಲ್ಲಿ ಇಡುತ್ತಾರೆ, ಒಣಗಿಸಲು ಟೆರೇಸ್ ಸಿಗುತ್ತದೆಯೇ, ಸೊಸೈಟಿಯವರು ಆಕ್ಷೇಪ ಎತ್ತಿದ್ದಾರೆಯೇ, ತೂಕದ ಯಂತ್ರ ಇದೆಯೇ ಎಂಬುದು ಸಂಘದ ಕಚೇರಿಯಲ್ಲಿ ಕುಳಿತು ಕೇಳಿದರೆ ತಿಳಿಯುವುದಿಲ್ಲ. ಗಂಡಸರು ಮಾರ್ಗದರ್ಶಕರಾಗಿದ್ದರೆ ಸಂಘದ ಮಹಿಳಾ ವಿಭಾಗದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಎಲ್ಲರಿಗೂ ನೆಮ್ಮದಿ.

ಮನೆಯ ಹಿರಿಯರನ್ನು ಬದಿಗಿಟ್ಟು ಈ ಕೆಲಸ ಮಾಡಬೇಡಿ. ಅತ್ತೆಯೋ ಯಜಮಾನರೋ ಮನೆಯಲ್ಲಿದ್ದರೆ ಮೊದಲ ದಿನವೇ ಅವರೆದುರು ಬಂದ ಉದ್ದೇಶ ಹೇಳಿ, ಅವರ ಅನುಮಾನಗಳಿಗೆ ಗೌರವದಿಂದ ಉತ್ತರಿಸಿ. ಆದರೆ ವ್ಯಾಪಾರದ ಪ್ರಶ್ನೆಗಳನ್ನು ವ್ಯಾಪಾರ ಮಾಡುವ ಹೆಣ್ಣುಮಗಳಿಗೇ ಕೇಳಿ. ತಿಂಗಳಿಗೆ ಎಷ್ಟು ಮಾರಾಟವಾಗುತ್ತದೆ ಎಂದು ಕೇಳಿದರೆ "ಅದು ನಮ್ಮ ಮನೆಯವರಿಗೆ ಗೊತ್ತು, ಅಕ್ಕ" ಎಂಬ ಉತ್ತರ ಬಹಳ ಸಲ ಬರುತ್ತದೆ. ಆಗ ಪಕ್ಕದಲ್ಲಿರುವ ಮನೆಯವರತ್ತ ತಿರುಗಬೇಡಿ. "ಪರವಾಗಿಲ್ಲಮ್ಮ, ನೀವು ನೆನಪಿದ್ದಷ್ಟು ಹೇಳಿ, ನಾವಿಬ್ಬರೂ ಕೂಡಿಸೋಣ" ಎಂದು ಅವರ ಮುಂದೆಯೇ ಪುಸ್ತಕ ಇಡಿ.

ಇನ್ನೊಂದು ಎಚ್ಚರ. ನಮ್ಮ ಸಮುದಾಯಗಳಲ್ಲಿ ಎಲ್ಲರಿಗೂ ಎಲ್ಲರ ಊರು, ಮನೆತನ, ಸಂಬಂಧ ಗೊತ್ತಿರುತ್ತದೆ. ಒಬ್ಬರ ಸಾಲದ ವಿಷಯ ಸಂಘದ ಮುಂದಿನ ಕಾರ್ಯಕ್ರಮದಲ್ಲಿ ಮಾತಾಗಿ ತೇಲಿದರೆ ಆ ಮನೆಯ ಬಾಗಿಲು ನಿಮಗೆ ಮತ್ತೆ ತೆರೆಯುವುದಿಲ್ಲ, ಬೇರೆಯವರ ಬಾಗಿಲೂ ಮುಚ್ಚುತ್ತದೆ. ಕೇಳಿದ ಅಂಕಿಅಂಶವನ್ನು ನಿಮ್ಮ ಮನೆಯಲ್ಲಿ ಕೂಡ ಹೇಳಬೇಡಿ.

ಬೆಲೆ ಕಟ್ಟುವುದನ್ನು ಕಲಿಸುವುದು

ಮೊದಲ ಎರಡು ಮೂರು ತಿಂಗಳನ್ನು ಮುಖ್ಯವಾಗಿ ಇದಕ್ಕೇ ಮೀಸಲಿಡಿ ಎಂದು ನಾನು ಒತ್ತಿ ಹೇಳುತ್ತೇನೆ. ಲೋಗೋ, ಇನ್‌ಸ್ಟಾಗ್ರಾಂ ಪುಟ, ಬಣ್ಣದ ಕರಪತ್ರ ಎಲ್ಲವೂ ಕಾಯಬಹುದು. ಒಂದು ಕಿಲೋ ಸರಕಿಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ ಎಂಬುದು ಗೊತ್ತಿಲ್ಲದೆ ಮಾರಾಟ ಹೆಚ್ಚಿಸಿದರೆ ದಣಿವು ಹೆಚ್ಚುತ್ತದೆ, ಉಳಿತಾಯ ಹೆಚ್ಚುವುದಿಲ್ಲ.

ಚಕ್ಕುಲಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇಲ್ಲಿನ ಅಂಕಿಗಳು ಲೆಕ್ಕದ ಬಗೆ ತೋರಿಸಲು ಮಾತ್ರ; ನಿಮ್ಮ ಬಡಾವಣೆಯ ದರಗಳನ್ನು ಹಾಕಿಕೊಳ್ಳಿ. ಒಂದು ಕಿಲೋ ಚಕ್ಕುಲಿಗೆ ಅಕ್ಕಿಹಿಟ್ಟು, ಉದ್ದಿನಹಿಟ್ಟು, ಬೆಣ್ಣೆ, ಎಳ್ಳು, ಎಣ್ಣೆ ಎಲ್ಲ ಸೇರಿ 170 ರೂಪಾಯಿ ಎಂದಿಟ್ಟುಕೊಳ್ಳಿ. ಪಕ್ಕದ ಬಿಲ್ಡಿಂಗಿನವರು 300ಕ್ಕೆ ಮಾರುತ್ತಾರೆಂದು ಇವರೂ 300ಕ್ಕೆ ಕೊಡುತ್ತಾರೆ, 130 ಲಾಭವಾಯಿತೆಂದು ತಿಳಿಯುತ್ತಾರೆ. ಈಗ ಉಳಿದದ್ದನ್ನು ಅವರ ಕೈಯಿಂದಲೇ ಬರೆಸಿ: ಗ್ಯಾಸ್ 20, ಚೀಲ ಮತ್ತು ಲೇಬಲ್ 15, ಮುರಿದು ಹೋಗುವ ಮಾಲು 10, ತಲುಪಿಸಲು ರಿಕ್ಷಾ ಅಥವಾ ರೈಲಿನ ಪಾಲು 15. ಒಟ್ಟು ಖರ್ಚು 230 ಆಯಿತು. ಕೈಗೆ ಉಳಿದದ್ದು 70. ಆ ಕಿಲೋಗೆ ಹಿಟ್ಟು ಕಲಸುವುದರಿಂದ ಪ್ಯಾಕಿಂಗ್ ತನಕ ಒಂದೂಕಾಲು ಗಂಟೆ ಹಿಡಿಯುತ್ತದೆ ಎಂದಾದರೆ, ಗಂಟೆಗೆ 80 ರೂಪಾಯಿಯಂತೆ ಅವರ ಸ್ವಂತ ಕೂಲಿಯೇ 100. ಅಂದರೆ ನಿಜವಾದ ವೆಚ್ಚ 330, ಮಾರಾಟ 300. ತಮ್ಮ ಕೂಲಿಯಲ್ಲಿ 30 ರೂಪಾಯಿಯನ್ನು ಪ್ರತಿ ಕಿಲೋದ ಜೊತೆ ಗಿರಾಕಿಗೆ ಕೊಟ್ಟು ಕಳಿಸುತ್ತಿದ್ದಾರೆ.

ಈ ಕಡೆಯ ಸಾಲು, ತಮ್ಮ ಕೂಲಿ, ಬರೆಯುವಾಗ ಹೆಚ್ಚಿನವರು ಹಿಂಜರಿಯುತ್ತಾರೆ. "ಮನೆಯಲ್ಲೇ ಮಾಡೋದಲ್ವಾ, ಅದಕ್ಕೇನು ಕೂಲಿ?" ಎನ್ನುತ್ತಾರೆ. ಇಲ್ಲಿ ನೀವು ಬಗ್ಗಬೇಡಿ. ನಾಳೆ ಕೈನೋವು ಬಂದು ಬೇರೊಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕಾದರೆ ಆ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿ. ಕೂಲಿ ಬೆಲೆಯೊಳಗೆ ಇದ್ದರೆ ಮಾತ್ರ ವ್ಯಾಪಾರ ಒಬ್ಬರ ಎರಡು ಕೈಗಳನ್ನು ದಾಟಿ ಬೆಳೆಯುತ್ತದೆ.

ಲೆಕ್ಕ ಬಂದ ಮೇಲೆ ಏನು ಮಾಡಬೇಕೆಂಬುದನ್ನು ಅವರೇ ಆರಿಸಿಕೊಳ್ಳಲಿ. ಬೆಲೆ ಏರಿಸಬಹುದು, ಕಾಲು ಕಿಲೋ ಪೊಟ್ಟಣ ಮಾಡಿ ಮಾರಬಹುದು, ಧಾನ್ಯ, ಮಸಾಲೆಗಳನ್ನು ನಾಲ್ಕಾರು ಮನೆಯವರು ಸೇರಿ ವಾಶಿಯ ಎಪಿಎಂಸಿ ಮಾರುಕಟ್ಟೆಯಿಂದ ಒಟ್ಟಿಗೆ ತರಿಸಿ ವೆಚ್ಚ ಇಳಿಸಬಹುದು, ಸಾಂಬಾರು ಪುಡಿ ಮಾಡುವವರು ಬ್ಯಾಡಗಿ ಮೆಣಸಿನಕಾಯಿಯನ್ನು ಬಿಡಿಬಿಡಿಯಾಗಿ ಕೊಳ್ಳುವ ಬದಲು ಹಂಗಾಮಿನಲ್ಲಿ ಒಟ್ಟಾಗಿ ಖರೀದಿಸಿ ಲಾಲ್‌ಬಾಗಿನ ಮಿರ್ಚಿ ಗಲ್ಲಿಯಲ್ಲಿ ಕುಟ್ಟಿಸಬಹುದು. ಅಥವಾ ಚಕ್ಕುಲಿ ಬಿಟ್ಟು ಹೆಚ್ಚು ಉಳಿತಾಯವಿರುವ ಪದಾರ್ಥದತ್ತ ಹೊರಳಬಹುದು. ಇವುಗಳಲ್ಲಿ ಯಾವುದು ಸರಿ ಎಂದು ನಿಮಗೆ ಖಚಿತವಾಗಿ ಅನಿಸಿದರೂ ನಿರ್ಧಾರವನ್ನು ನೀವು ಹೇಳಬೇಡಿ. ತಾವೇ ಯೋಚಿಸಿ ಏರಿಸಿದ ಬೆಲೆಯನ್ನು ಅವರು ಗಿರಾಕಿಯೆದುರು ಧೈರ್ಯವಾಗಿ ಹೇಳುತ್ತಾರೆ. ನೀವು ಏರಿಸಿದ ಬೆಲೆಯನ್ನು ಮೊದಲ ಚೌಕಾಸಿಗೇ ಇಳಿಸಿಬಿಡುತ್ತಾರೆ.

ಹಣ ಯಾರ ಹೆಸರಿನಲ್ಲಿ ಬರುತ್ತಿದೆ

ಎರಡನೆಯ ಅಥವಾ ಮೂರನೆಯ ಭೇಟಿಯಲ್ಲಿ ಗಿರಾಕಿಗಳು ಹಣ ಕಳಿಸುವ ಕ್ಯೂಆರ್ ಕೋಡ್ ತೋರಿಸಲು ಹೇಳಿ. ಅದರಲ್ಲಿ ಮಗನ ಅಥವಾ ಮನೆಯವರ ಹೆಸರು ಇರುವುದು ಬಹಳ ಸಾಮಾನ್ಯ. ಯಾರೂ ಕೆಟ್ಟ ಉದ್ದೇಶದಿಂದ ಹಾಗೆ ಮಾಡಿರುವುದಿಲ್ಲ; ಸ್ಮಾರ್ಟ್‌ಫೋನ್ ಅವರ ಬಳಿ ಇತ್ತು, ಅಷ್ಟೇ. ಆದರೆ ಪರಿಣಾಮ ದೊಡ್ಡದು. ವರ್ಷಗಟ್ಟಲೆ ದುಡಿದರೂ ಬ್ಯಾಂಕಿನ ದಾಖಲೆಯಲ್ಲಿ ಆ ಹೆಣ್ಣುಮಗಳಿಗೆ ಆದಾಯವೇ ಇಲ್ಲ. ಸಾಲ ಕೇಳಲು ಹೋದಾಗ ತೋರಿಸಲು ಒಂದು ಸಾಲೂ ಇರುವುದಿಲ್ಲ. ಆದ್ದರಿಂದ ಅವರದೇ ಹೆಸರಿನ ಖಾತೆ, ಅದಕ್ಕೆ ಅವರದೇ ಮೊಬೈಲ್ ಸಂಖ್ಯೆ, ಆ ಖಾತೆಯ ಯುಪಿಐ ಕೋಡ್ ಇಷ್ಟನ್ನು ಮೊದಲು ಮಾಡಿಸಿ. ನಗದಾಗಿ ಬಂದ ಹಣವನ್ನೂ ವಾರಕ್ಕೊಮ್ಮೆ ಅದೇ ಖಾತೆಗೆ ಕಟ್ಟುವ ಅಭ್ಯಾಸ ಆಗಲಿ. ಮನೆಖರ್ಚಿಗೆ ಬೇಕಾದ ಹಣವನ್ನು ತಿಂಗಳಿಗೊಮ್ಮೆ ನಿಗದಿ ಮಾಡಿ ತೆಗೆಯಲಿ, ಡಬ್ಬದಿಂದ ಡಬ್ಬಕ್ಕೆ ಹಣ ಹರಿಯುವುದು ನಿಲ್ಲಲಿ.

ಹೆಸರಿನ ವಿಷಯ ಬಂದದ್ದರಿಂದ, ಮುಂಬಯಿ ಕನ್ನಡಿಗರಿಗೆ ವಿಶೇಷವಾಗಿ ಕಾಡುವ ಒಂದು ತೊಡಕನ್ನು ಇಲ್ಲೇ ಹೇಳುತ್ತೇನೆ. ಊರಿನ ಶಾಲೆಯ ದಾಖಲೆಯಲ್ಲಿ ಹೆಸರಿನ ಜೊತೆ ತಂದೆಯ ಅಥವಾ ಊರಿನ ಇನಿಷಿಯಲ್ ಇರುತ್ತದೆ; ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಮಹಾರಾಷ್ಟ್ರದ ಪದ್ಧತಿಯಂತೆ ನಡುವೆ ಗಂಡನ ಹೆಸರು, ಕೊನೆಗೆ ಮನೆತನದ ಹೆಸರು ಸೇರಿಕೊಳ್ಳುತ್ತದೆ. ಆಧಾರಿನಲ್ಲಿ ಒಂದು, ಪ್ಯಾನಿನಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಮತ್ತೊಂದು. ವಿಳಾಸವಂತೂ ಕೆಲವರದು ಇನ್ನೂ ಊರಿನದೇ. ಆನ್‌ಲೈನ್ ಅರ್ಜಿಗಳಲ್ಲಿ ಈ ಹೊಂದಾಣಿಕೆ ಇಲ್ಲದಿದ್ದರೆ ನೋಂದಣಿ ಮುಂದೆ ಸಾಗುವುದಿಲ್ಲ. ಬೇರೆ ಯಾವ ಅರ್ಜಿ ಹಾಕುವುದಕ್ಕೂ ಮೊದಲು ಮೂರೂ ದಾಖಲೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಅಕ್ಷರ ಅಕ್ಷರ ಹೋಲಿಸಿ, ತಿದ್ದಿಸಬೇಕಾದದ್ದನ್ನು ತಿದ್ದಿಸಿ. ಸಮಯ ಹಿಡಿಯುವ ಕೆಲಸ, ಆದರೆ ಮಾರ್ಗದರ್ಶಕರು ಮಾಡಬಹುದಾದ ದೊಡ್ಡ ಉಪಕಾರಗಳಲ್ಲಿ ಇದೂ ಒಂದು.

ನೋಂದಣಿ ಮತ್ತು ಲೇಬಲ್

ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ, 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿ ಸಂಪೂರ್ಣ ಉಚಿತ. ಆಧಾರ್ ಮತ್ತು ಪ್ಯಾನ್ ಇದ್ದರೆ ಸರ್ಕಾರದ ಜಾಲತಾಣದಲ್ಲಿ ಕೂತಲ್ಲೇ ಮಾಡಬಹುದು. ಹಣ ಕೇಳುವ ಏಜೆಂಟರು ಮತ್ತು ಸರ್ಕಾರಿ ತಾಣದಂತೆಯೇ ಕಾಣುವ ಖಾಸಗಿ ತಾಣಗಳಿಂದ ದೂರವಿರಲು ಹೇಳಿ. ಈ ನೋಂದಣಿಯ ಉಪಯೋಗ ಸಾಲಕ್ಕೆ ಮಾತ್ರ ಸೀಮಿತವಲ್ಲ. ಸಣ್ಣ ಉದ್ಯಮಗಳ 2006ರ ಕಾಯ್ದೆಯ ಪ್ರಕಾರ, ನೋಂದಾಯಿತ ತಯಾರಕರಿಂದ ಸರಕು ಕೊಂಡವರು ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರದೆ ಹಣ ಕೊಡಬೇಕು, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಕ್ಯಾಂಟೀನು, ಕೇಟರಿಂಗ್‌ನವರಿಗೆ ಚಪಾತಿ, ಹೋಳಿಗೆ ಒದಗಿಸಿ ತಿಂಗಳುಗಟ್ಟಲೆ ಹಣಕ್ಕಾಗಿ ಅಲೆಯುವವರಿಗೆ ಈ ಮಾತನ್ನು ತಪ್ಪದೆ ತಿಳಿಸಿ. ಬಾಕಿಗಾಗಿ ಕೇಂದ್ರ ಸರ್ಕಾರದ ಜಾಲತಾಣದಲ್ಲಿ ದೂರು ಕೊಡಬಹುದು. ಸರಕು ಕೊಡುವ ಮೊದಲೇ ನೋಂದಣಿಯಾಗಿದ್ದು, ಪ್ರತಿ ಸಲವೂ ಬಿಲ್ಲಿಗೆ ಸಹಿ ಪಡೆದಿದ್ದರೆ ದೂರಿಗೆ ಬಲ ಬರುತ್ತದೆ.

ತಿನ್ನುವ ಪದಾರ್ಥ ಮಾರುವವರಿಗೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ನೋಂದಣಿ ಕಡ್ಡಾಯ. ಮನೆಯಲ್ಲಿ ಸಣ್ಣ ಪ್ರಮಾಣದಲ್ಲಿ ಮಾಡುವವರಿಗೆ ದೊಡ್ಡ ಕಾರ್ಖಾನೆಯ ಲೈಸೆನ್ಸ್ ಬೇಡ, ಸರಳ ನೋಂದಣಿ ಸಾಕು. ಫಾಸ್ಕಾಸ್ ಎಂಬ ತಾಣದಲ್ಲಿ ಅರ್ಜಿ ಹಾಕಿದರೆ 14 ಅಂಕಿಯ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆ ಪೊಟ್ಟಣದ ಮೇಲೆ ಇರಬೇಕು. ಜೊತೆಗೆ ಪದಾರ್ಥದ ಹೆಸರು, ಬಳಸಿದ ಸಾಮಗ್ರಿಗಳು ಹೆಚ್ಚಿನದರಿಂದ ಕಡಿಮೆಯ ಕ್ರಮದಲ್ಲಿ, ಸಸ್ಯಾಹಾರದ ಹಸಿರು ಗುರುತು, ನಿವ್ವಳ ತೂಕ, ಬ್ಯಾಚ್ ಸಂಖ್ಯೆ, ತಯಾರಿಸಿದ ಮತ್ತು ಮುಗಿಯುವ ದಿನಾಂಕ, ತೆರಿಗೆ ಸೇರಿದ ಗರಿಷ್ಠ ಬೆಲೆ, ತಯಾರಕರ ಹೆಸರು ವಿಳಾಸ, ದೂರು ಹೇಳಲು ಫೋನ್ ಸಂಖ್ಯೆ. ಅಭಿಮಾನದಿಂದ ಕೆಲವರು ಕನ್ನಡದಲ್ಲಿ ಮಾತ್ರ ಲೇಬಲ್ ಮಾಡಿಸುತ್ತಾರೆ. ಕನ್ನಡ ಇರಲಿ, ಅದೇ ನಮ್ಮ ಗಿರಾಕಿಯನ್ನು ಸೆಳೆಯುವುದು. ಆದರೆ ಕಾನೂನಿನಂತೆ ವಿವರಗಳು ಇಂಗ್ಲಿಷ್‌ನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕು, ಬೇರೆ ಭಾಷೆ ಅದಕ್ಕೆ ಹೆಚ್ಚುವರಿ.

ಜಿಎಸ್‌ಟಿಯ ಬಗ್ಗೆ ಭಯ ಹೆಚ್ಚು, ತಿಳಿವಳಿಕೆ ಕಡಿಮೆ. ಮಹಾರಾಷ್ಟ್ರದಲ್ಲಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಒದಗಿಸುವವರಿಗೆ 20 ಲಕ್ಷದ ವಹಿವಾಟಿನವರೆಗೆ ನೋಂದಣಿ ಬೇಕಿಲ್ಲ. ಆದರೆ ತೆರಿಗೆಯಿರುವ ತಿಂಡಿಯನ್ನು ಬೆಂಗಳೂರಿಗೋ ಮಂಗಳೂರಿಗೋ ಕೊರಿಯರ್ ಮಾಡಿ ಮಾರತೊಡಗಿದರೆ ಅದು ಹೊರರಾಜ್ಯದ ಮಾರಾಟವಾಗುತ್ತದೆ, ಆಗ ಈ ಮಿತಿಯ ರಿಯಾಯಿತಿ ಸಿಗುವುದಿಲ್ಲ. ಊರಿನ ನಂಟು ಇರುವ ನಮ್ಮವರು ಇದನ್ನು ಅರಿಯದೆ ಶುರುಮಾಡುವುದುಂಟು; ಕೊರಿಯರ್ ಆರ್ಡರ್ ಹೆಚ್ಚುವ ಮುನ್ನ ಲೆಕ್ಕಪರಿಶೋಧಕರೊಬ್ಬರ ಹತ್ತಿರ ಕೂರಿಸಿ.

ಸಾಲ ಕೊಡಿಸುವ ಮುನ್ನ

ವಾಟ್ಸ್ಆ್ಯಪ್‌ನಲ್ಲಿ ಉದ್ಯೋಗಿನಿ ಯೋಜನೆಯ ಸಂದೇಶ ಓದಿ ಆಸೆಯಿಂದ ಬರುವವರು ಬಹಳ. ಅದು ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಯೋಜನೆ, ಕರ್ನಾಟಕದಲ್ಲಿ ನೆಲೆಸಿದವರಿಗೆ. ಇಲ್ಲಿನ ವಿಳಾಸದಲ್ಲಿ ಉದ್ಯಮ ನಡೆಸುವವರು ಕೇಂದ್ರದ ಯೋಜನೆಗಳನ್ನೂ ಮಹಾರಾಷ್ಟ್ರದ ಯೋಜನೆಗಳನ್ನೂ ನೋಡಬೇಕು. 2015ರಲ್ಲಿ ಶುರುವಾದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ, ತರುಣದಲ್ಲಿ 10 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಗುಂಪಾಗಿ ಕೆಲಸ ಮಾಡುವವರಿಗೆ ಮಹಾರಾಷ್ಟ್ರ ಸರ್ಕಾರದ ಮಹಿಳಾ ಆರ್ಥಿಕ ವಿಕಾಸ ಮಹಾಮಂಡಳ, ಅಂದರೆ ಮಾವಿಮ್, 1975ರಿಂದಲೂ ಇದೆ. ದೊಡ್ಡ ಯೋಜನೆ ಹಾಕುವವರು ಜಿಲ್ಲಾ ಉದ್ಯೋಗ ಕೇಂದ್ರಕ್ಕೆ ಹೋಗಿ ವಿಚಾರಿಸಲಿ.

ಆದರೆ ಸಾಲ ಬೇಕೇ ಎಂಬ ಪ್ರಶ್ನೆ ಮೊದಲು ಬರಬೇಕು. ಹೊಸ ಗ್ರೈಂಡರ್ ಕೊಂಡರೆ ತಿಂಗಳಿಗೆ ಎಷ್ಟು ಕಿಲೋ ಹೆಚ್ಚು ಮಾರಾಟವಾಗುತ್ತದೆ, ಆ ಹೆಚ್ಚುವರಿ ಉಳಿತಾಯದಿಂದ ಕಂತು ತೀರುತ್ತದೆಯೇ ಎಂದು ಅವರ ಪುಸ್ತಕದಿಂದಲೇ ತೋರಿಸಲಿ. ಮನೆಯಲ್ಲಿ ಈಗಾಗಲೇ ಎಷ್ಟು ಕಂತು ಹೋಗುತ್ತಿದೆ ಎಂಬುದನ್ನು ಮೆತ್ತಗೆ ಕೇಳಿ. ಗುಂಪು ಸಾಲ ಕೊಡುವ ಕಿರುಹಣಕಾಸು ಸಂಸ್ಥೆಗಳಿಂದ ಒಂದರ ಮೇಲೊಂದು ಪಡೆದಿರುವುದು ಎಷ್ಟೋ ಮನೆಗಳಲ್ಲಿ ಉಂಟು. 2022ರ ರಿಸರ್ವ್ ಬ್ಯಾಂಕ್ ನಿಯಮದಂತೆ ಕಿರುಸಾಲ ಪಡೆಯುವ ಕುಟುಂಬದ ಎಲ್ಲ ಸಾಲಗಳ ಕಂತು ಒಟ್ಟಾಗಿ ಮಾಸಿಕ ಆದಾಯದ ಅರ್ಧವನ್ನು ಮೀರಬಾರದು. ಮೀರಿರುವುದು ಕಂಡುಬಂದರೆ ಹೊಸ ಅರ್ಜಿ ಬದಿಗಿಟ್ಟು ಹಳೆಯದನ್ನು ತೀರಿಸುವ ದಾರಿ ಮಾಡಿ. ನೀವು ಮಾತ್ರ ಕೈಸಾಲ ಕೊಡಬೇಡಿ, ಜಾಮೀನು ಹಾಕಬೇಡಿ. ಹಣದ ಋಣ ಬಿದ್ದ ದಿನದಿಂದ ನಿಮ್ಮೆದುರು ನಷ್ಟದ ಮಾತು ಆಡಲು ಅವರಿಗೆ ಸಂಕೋಚವಾಗುತ್ತದೆ.

ಸಂಘಗಳು ಮಾಡಬೇಕಾದದ್ದು

ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದು, ಬಂಟರ ಸಂಘ 1927ರದು, ಮೊಗವೀರ ವ್ಯವಸ್ಥಾಪಕ ಮಂಡಳಿ ಅದಕ್ಕೂ ಹಳೆಯದು. ಇಷ್ಟು ಕಾಲದ ಸಭಾಂಗಣಗಳು, ಸದಸ್ಯರ ಪಟ್ಟಿಗಳು, ವಿಶ್ವಾಸ ನಮ್ಮಲ್ಲಿರುವಾಗ ಸಣ್ಣ ಉದ್ಯಮ ನಡೆಸುವವರಿಗೆ ಮಾರುಕಟ್ಟೆ ಒದಗಿಸುವುದು ಕಷ್ಟವಲ್ಲ. ರಾಜ್ಯೋತ್ಸವ, ಯಕ್ಷಗಾನ, ವಾರ್ಷಿಕೋತ್ಸವಗಳಲ್ಲಿ ಬಾಡಿಗೆಯಿಲ್ಲದೆ ಒಂದು ಮೇಜು ಕೊಡಿ. ಅದಕ್ಕಿಂತ ಮುಖ್ಯವಾಗಿ, ಸಂಘದ ಉಪಾಹಾರದ ಆರ್ಡರನ್ನು ಅವರಿಗೇ ಪೂರ್ತಿ ಬೆಲೆಗೆ, ಅರ್ಧ ಹಣ ಮುಂಗಡವಾಗಿ ಕೊಡಿ. ಮಹಿಳಾ ವಿಭಾಗದವರು ಸೇವೆಯೆಂದು ಪುಕ್ಕಟೆಯಾಗಿ ಮಾಡಿಕೊಡುತ್ತಾರೆಂಬ ನಿರೀಕ್ಷೆ ನಮ್ಮಲ್ಲಿ ಬಲವಾಗಿದೆ. ಬೆಳ್ಳಂಬೆಳಗ್ಗೆ ಎದ್ದು ಇನ್ನೂರು ಜನರ ಉಪ್ಪಿಟ್ಟು ಮಾಡುವ ಶ್ರಮಕ್ಕೆ ಶಾಲು ಹೊದಿಸುವುದು ಹಣದ ಬದಲಾಗದು ಎಂದು ನನಗೆ ದೃಢವಾಗಿ ಅನಿಸುತ್ತದೆ.

ನಮ್ಮವರಿಗೆ ಮಾತ್ರ ಮಾರುತ್ತಾ ಇದ್ದರೆ ವ್ಯಾಪಾರ ಒಂದು ಹಂತದಲ್ಲಿ ನಿಲ್ಲುತ್ತದೆ. ಲೋಕಲ್ ರೈಲಿನ ಮಹಿಳಾ ಡಬ್ಬಿಯ ಗೆಳತಿಯರು, ಮರಾಠಿ, ಗುಜರಾತಿ ನೆರೆಹೊರೆಯವರು, ಸ್ವಸಹಾಯ ಗುಂಪುಗಳ ಸರಸ್ ಮೇಳ ಇವೆಲ್ಲ ಮುಂದಿನ ಗಿರಾಕಿಗಳು. ಕನ್ನಡ, ತುಳು ಬಿಟ್ಟು ಬೇರೆ ಭಾಷೆಯಲ್ಲಿ ಬೆಲೆ ಹೇಳಲು ತಡವರಿಸುವವರಿದ್ದರೆ ಮರಾಠಿಯ ವ್ಯಾಪಾರದ ಮಾತುಗಳನ್ನು ಜೊತೆಯಲ್ಲಿ ಕೂತು ಅಭ್ಯಾಸ ಮಾಡಿಸಿ. ಮೊದಲ ಸಲ ಮೇಳಕ್ಕೆ ಹೋದಾಗ ಪಕ್ಕದಲ್ಲಿ ನಿಲ್ಲಿ, ಆದರೆ ಗಿರಾಕಿಗೆ ಉತ್ತರ ಅವರೇ ಕೊಡಲಿ.

ವರ್ಷ ಮುಗಿಯುವಾಗ

ಎಂಟು ಒಂಬತ್ತನೆಯ ತಿಂಗಳಿನಿಂದಲೇ ಭೇಟಿಗಳನ್ನು ತಿಂಗಳಿಗೊಮ್ಮೆಗೆ ಇಳಿಸಿ. ಬ್ಯಾಂಕಿಗೆ, ವಾರ್ಡ್ ಕಚೇರಿಗೆ ಅವರೊಬ್ಬರೇ ಹೋಗಿ ಬಂದು ಏನಾಯಿತೆಂದು ನಿಮಗೆ ಹೇಳಲಿ. ಕೊನೆಯ ಭೇಟಿಯಲ್ಲಿ ಒಟ್ಟಿಗೆ ಕೂತು ಪರಿಶೀಲಿಸಿ: ಉದ್ಯಮ್, ಫಾಸ್ಕಾಸ್, ಬ್ಯಾಂಕ್ ಈ ಮೂರರಲ್ಲೂ ನಮೂದಾಗಿರುವ ಮೊಬೈಲ್ ಸಂಖ್ಯೆ ಅವರದೇ ಆಗಿದೆಯೇ, ಅವಸರದಲ್ಲಿ ಎಲ್ಲಾದರೂ ನಿಮ್ಮ ಸಂಖ್ಯೆಯನ್ನೋ ಇಮೇಲನ್ನೋ ಕೊಟ್ಟಿದ್ದೀರಾ, ಪಾಸ್‌ವರ್ಡ್‌ಗಳು ಅವರ ಪುಸ್ತಕದಲ್ಲಿ ಅವರ ಕೈಬರಹದಲ್ಲಿವೆಯೇ, ಸಾಲದ ಕಂತಿನ ದಿನಾಂಕಗಳು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಾಗಿವೆಯೇ. ನಿಮ್ಮ ಸಂಖ್ಯೆ ಎಲ್ಲಿದ್ದರೂ ಅಂದೇ ಬದಲಾಯಿಸಿ, ಓಟಿಪಿ ಅವರ ಫೋನಿಗೆ ಬಂದದ್ದನ್ನು ನೋಡಿಕೊಂಡು ಹೊರಡಿ.